ಕಾಗದದ ಮೇಲೆ ಬಿದ್ದ ಚರೆಗಳು

ಶಿಕಾರಿ ಕಥೆಗಳನ್ನು ಓದುವಾಗ ಒಂದು ಮಾತು ನನ್ನನ್ನು ಕಾಡುತ್ತದೆ. ಕೋವಿಗೆ ಬಿದ್ದ ಪ್ರಾಣಿಯ ವರ್ಣನೆ ಪುಟಗಟ್ಟಲೆ ಇರುತ್ತದೆ. ಏಟು ತಿಂದು ಪೊದೆಗೆ ನುಗ್ಗಿ, ಎಲ್ಲೋ ನರಳಿ ಸತ್ತವುಗಳ ಲೆಕ್ಕ ಮಾತ್ರ ಸಿಗುವುದಿಲ್ಲ. ಆ ಲೆಕ್ಕವನ್ನು ಕಾಡಿಗೆ ಹೋಗುವ ಮೊದಲೇ ಕೇಳುವ ಪದ್ಧತಿಯೊಂದು ಹತ್ತೊಂಬತ್ತನೆಯ ಶತಮಾನದ ಇಂಗ್ಲೆಂಡಿನಲ್ಲಿ ಬಲಗೊಂಡಿತು. ಅದಕ್ಕೆ ಬೇಕಾದದ್ದು ದೊಡ್ಡದೊಂದು ಕಾಗದ ಮತ್ತು ಕುಳಿತು ಎಣಿಸುವ ತಾಳ್ಮೆ.

ಚರೆಯ ಕೋವಿ ರೈಫಲ್ಲಿನಂತೆ ಒಂದೇ ಗುಂಡು ಹಾರಿಸುವುದಿಲ್ಲ. ಹಕ್ಕಿ ಹೊಡೆಯುವ ಒಂದು ತೋಟಾದೊಳಗೆ ನೂರಾರು ಚರೆಗಳಿರುತ್ತವೆ. ನಳಿಗೆ ದಾಟಿದೊಡನೆ ಅವು ಚದುರತೊಡಗುತ್ತವೆ. ಉರುಟಾದ ಚರೆ ನೆಟ್ಟಗೆ ಹೋಗುತ್ತದೆ, ಜಜ್ಜಿದ್ದು ದಾರಿ ತಪ್ಪುತ್ತದೆ. ಇಂಗ್ಲೆಂಡಿನ ಬ್ರಿಸ್ಟಲ್ ನಗರದ ವಿಲಿಯಂ ವಾಟ್ಸ್ 1782ರಲ್ಲಿ ಇದಕ್ಕೊಂದು ಉಪಾಯಕ್ಕೆ ಪೇಟೆಂಟ್ ಪಡೆದ. ಕರಗಿಸಿದ ಸೀಸವನ್ನು ಎತ್ತರದಿಂದ ಜರಡಿಯ ಮೂಲಕ ಸುರಿದರೆ, ಕೆಳಗಿನ ನೀರಿಗೆ ಬೀಳುವಷ್ಟರಲ್ಲಿ ಹನಿಗಳು ತಾವಾಗಿಯೇ ಗುಂಡಗಾಗುತ್ತಿದ್ದವು.

ಚದುರುವಿಕೆಯನ್ನು ಹಿಡಿತಕ್ಕೆ ತರಲು ಮುಂದೆ ನಳಿಗೆಯ ತುದಿಯನ್ನೇ ಕೂದಲೆಳೆಯಷ್ಟು ಕಿರಿದು ಮಾಡಿದರು. ಇದಕ್ಕೆ ಚೋಕ್ ಎಂದು ಹೆಸರು. ನ್ಯೂಕ್ಯಾಸಲ್‌ನ ಪೇಪ್ ಎಂಬ ಕೋವಿ ತಯಾರಕ 1866ರಲ್ಲಿ ಪೇಟೆಂಟ್ ಪಡೆದರೂ, ಅದನ್ನು ಮನೆಮಾತಾಗಿಸಿದವನು ಬರ್ಮಿಂಗ್‌ಹ್ಯಾಮ್‌ನ ಡಬ್ಲ್ಯು. ಡಬ್ಲ್ಯು. ಗ್ರೀನರ್. ಅವನ ಮಾತನ್ನು ಹಲವರು ನಂಬಲಿಲ್ಲ. ವಾದ ತೀರಿಸಲು 'ದಿ ಫೀಲ್ಡ್' ಪತ್ರಿಕೆ 1875ರಲ್ಲಿ ಬಹಿರಂಗ ಪರೀಕ್ಷೆಯನ್ನೇ ಏರ್ಪಡಿಸಿತು. ಚೋಕ್ ಗೆದ್ದಿತು. ಪತ್ರಿಕೆಯ ಸಂಪಾದಕ ಜಾನ್ ಹೆನ್ರಿ ವಾಲ್ಶ್ ಮೂಲತಃ ಶಸ್ತ್ರವೈದ್ಯ. ಕೋವಿ ಸಿಡಿದು ಎಡಗೈಯ ಒಂದು ಭಾಗವನ್ನೇ ಕಳೆದುಕೊಂಡಿದ್ದವನು. ಕೋವಿಯ ಬಗ್ಗೆ ಬರೀ ಬಾಯಿಮಾತು ಸಾಲದು ಎಂದು ಅವನಿಗೆ ಯಾರೂ ಹೇಳಿಕೊಡಬೇಕಿರಲಿಲ್ಲ.

ಇಂದಿಗೂ ಉಳಿದಿರುವ ಅಳತೆ ಸರಳ. 40 ಗಜ ದೂರದಲ್ಲಿ ಕಾಗದ ಕಟ್ಟಿ ಈಡು ಹೊಡೆಯಬೇಕು. ಚರೆಗಳು ಒತ್ತಾಗಿ ಬಿದ್ದ ಕಡೆ 30 ಅಂಗುಲ ಅಗಲದ ವೃತ್ತ ಎಳೆದು ತೂತುಗಳನ್ನು ಎಣಿಸಬೇಕು. ತೋಟಾದಲ್ಲಿ 200 ಚರೆಗಳಿದ್ದು 140 ವೃತ್ತದೊಳಗೆ ಬಿದ್ದರೆ ಶೇಕಡಾ 70. ಅದು 'ಫುಲ್ ಚೋಕ್'ನ ಗುರುತು.

ಈ ಲೆಕ್ಕ ಅತ್ಯಂತ ಬಿಗಿಯಾಗುವುದು ಅಮೆರಿಕದ ಕಾಡು ಟರ್ಕಿ ಕೋಳಿಯ ಬೇಟೆಯಲ್ಲಿ. ವಸಂತದಲ್ಲಿ ಬೇಟೆಗಾರ ಹೇಂಟೆಯಂತೆ ಕೂಗಿ ಹುಂಜವನ್ನು ಹತ್ತಿರಕ್ಕೆ ಕರೆಯುತ್ತಾನೆ. ಮೈಗೆ ಹೊಡೆದರೆ ದಪ್ಪ ಗರಿ, ಎದೆಯ ಮಾಂಸ ದಾಟುವಷ್ಟು ಬಲ ಚರೆಗಿರುವುದಿಲ್ಲ. ಕೋಳಿ ಗಾಯದೊಂದಿಗೆ ಓಡಿಹೋಗುತ್ತದೆ. ಹಾಗಾಗಿ ಗುರಿ ತಲೆ ಮತ್ತು ಕತ್ತು ಮಾತ್ರ. 30 ಅಂಗುಲದ ವೃತ್ತ ಇಲ್ಲಿ ಸಾಲದೆ, ಕಾಗದದ ಮೇಲೆ ಕತ್ತಿನ ಚಿತ್ರವನ್ನೇ ಬರೆದು, ಸುತ್ತ 10 ಅಂಗುಲದ ವೃತ್ತ ಎಳೆದು ಎಣಿಸುತ್ತಾರೆ. ಒಂದೇ ಕಾರ್ಖಾನೆಯ ಎರಡು ಕೋವಿಗಳೂ ಒಂದೇ ತೋಟಾವನ್ನು ಬೇರೆಬೇರೆಯಾಗಿ ಹರಡಬಹುದು. ಕತ್ತಿನ ಮೇಲೆ ಚರೆ ಬೀಳದ ಖಾಲಿ ಜಾಗ ಎಷ್ಟು ದೂರದಲ್ಲಿ ಕಾಣತೊಡಗುತ್ತದೋ ಅಲ್ಲಿಗೆ ಆ ಕೋವಿಯ ಗಡಿ ಮುಗಿಯಿತು. ಅದರಾಚೆ ಹುಂಜ ಎಷ್ಟೇ ಚೆಂದವಾಗಿ ಗರಿಬಿಚ್ಚಿ ನಿಂತಿರಲಿ, ಕುದುರೆ ಒತ್ತಕೂಡದು.

ಇಪ್ಪತ್ತನೆಯ ಶತಮಾನದ ಮೊದಲ ಭಾಗದಲ್ಲಿ ಮಿತಿಮೀರಿದ ಬೇಟೆ ಮತ್ತು ಕಾಡಿನ ನಾಶದಿಂದ ಈ ಹಕ್ಕಿ ಅನೇಕ ರಾಜ್ಯಗಳಲ್ಲಿ ಇಲ್ಲವಾಗಿತ್ತು. 1937ರ ಪಿಟ್‌ಮನ್-ರಾಬರ್ಟ್‌ಸನ್ ಕಾಯ್ದೆ ಕೋವಿ ಮತ್ತು ತೋಟಾಗಳ ಮೇಲಿನ ತೆರಿಗೆಯನ್ನು ವನ್ಯಜೀವಿಗಳ ಪುನಶ್ಚೇತನಕ್ಕೆ ಮೀಸಲಿಟ್ಟಿತು. ಉಳಿದ ಕಾಡುಕೋಳಿಗಳನ್ನು ಬಲೆಯಲ್ಲಿ ಹಿಡಿದು ಬರಿದಾದ ಕಾಡುಗಳಿಗೆ ಸಾಗಿಸಿದರು, ಸಂತತಿ ಚೇತರಿಸಿತು. ಕಾಗದಕ್ಕೆ ಹೊಡೆದ ತೋಟಾದ ಮೇಲೂ ಆ ತೆರಿಗೆ ಉಂಟು. ಕೊಲ್ಲುವ ಸಾಧನವೇ ಉಳಿಸುವ ಹಣ ಹುಟ್ಟಿಸಿದ ಈ ವ್ಯವಸ್ಥೆ ನನಗೆ ಪೂರ್ತಿ ಒಗ್ಗುವುದಿಲ್ಲ. ಅದು ಫಲ ಕೊಟ್ಟಿತೆಂಬುದನ್ನು ಅಲ್ಲಗಳೆಯಲೂ ಆಗುವುದಿಲ್ಲ.

ನಮ್ಮಲ್ಲಿ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಬೇಟೆಗೆ ತಡೆಯೊಡ್ಡಿತು. ನಮಗೆ ಉಳಿದಿರುವುದು ಹಳೆಯ ಶಿಕಾರಿಯ ಕಥೆಗಳು. ಅವುಗಳನ್ನು ಈಗ ಓದುವಾಗ ನಾನು ಎರಡು ಪ್ರಶ್ನೆಗಳನ್ನು ಜೊತೆಗಿಟ್ಟುಕೊಳ್ಳುತ್ತೇನೆ: ಪ್ರಾಣಿ ಎಷ್ಟು ಗಜ ದೂರದಲ್ಲಿತ್ತು? ಉಳಿದ ಚರೆಗಳು ಎಲ್ಲಿ ಹೋದವು?