ಕಣ್ಣಿನೊಳಗಿನ ಸಂದೇಶ: ಒಂದು ಚಿಕಿತ್ಸೆಯ ಚರಿತ್ರೆ



ಮುಪ್ಪಿನಲ್ಲಿ ಬರುವ ದೃಷ್ಟಿನಾಶದ ಬಗ್ಗೆ ಈ ಬಾರಿಯ ಮಾತುಕತೆಯಲ್ಲಿ ನೇತ್ರತಜ್ಞರು ಮಾತನಾಡುತ್ತಾರೆ. ಅರ್ಧ ಗಂಟೆಯ ಕಾರ್ಯಕ್ರಮದಲ್ಲಿ ರೋಗಕ್ಕೂ ಚಿಕಿತ್ಸೆಗೂ ಸಮಯ ಸಿಗುತ್ತದೆ. ಆ ಚಿಕಿತ್ಸೆ ಹೇಗೆ ಹುಟ್ಟಿತೆಂದು ಹೇಳಲು ಸಿಗುವುದಿಲ್ಲ. ಆ ಕೊರತೆಯನ್ನು ಈ ಪುಟಗಳಲ್ಲಿ ತುಂಬಿಕೊಳ್ಳೋಣ.

ಕೆಲವು ವರ್ಷಗಳ ಹಿಂದೆ ನನ್ನ ತಾಯಿ, "ಕಿಟಕಿಯ ಸರಳು ಯಾಕೋ ಡೊಂಕಾಗಿ ಕಾಣ್ತಿದೆ ಕಣೋ" ಎಂದರು. ಕನ್ನಡಕ ಬದಲಾಯಿಸಿದರೆ ಸರಿಹೋದೀತೆಂದು ನಾನು ಸುಮ್ಮನಾದೆ. ಮೂರು ತಿಂಗಳ ನಂತರ ವೈದ್ಯರ ಬಳಿಗೆ ಹೋದಾಗ ಒಂದು ಕಣ್ಣಿನ ನಡುಭಾಗದ ನೋಟ ಬಹುಪಾಲು ಹೋಗಿತ್ತು. ವಿಜ್ಞಾನ ಓದಿದ ನಾನೇ ಹೀಗೆ ಮಾಡಿದೆ. ಆದ್ದರಿಂದ ಈ ಕಥೆಯನ್ನು ನೀವು ಪರೀಕ್ಷೆಗಾಗಿ ಮಾತ್ರ ಓದಬಾರದು ಎಂಬುದು ನನ್ನ ಕೋರಿಕೆ.

ಕಾಯಿಲೆ ಯಾವುದು?

ಕಣ್ಣಿನ ಹಿಂಗೋಡೆಯ ಮೇಲೆ ಬೆಳಕನ್ನು ಗ್ರಹಿಸುವ ತೆಳುವಾದ ಪದರವಿದೆ. ಅದೇ ಅಕ್ಷಿಪಟಲ ಅಥವಾ ರೆಟಿನಾ. ಅದರ ನಟ್ಟನಡುವಿನ ಪುಟ್ಟ ಜಾಗಕ್ಕೆ ಮ್ಯಾಕ್ಯುಲಾ ಎಂದು ಹೆಸರು. ಅಕ್ಷರ ಓದಲು, ಸೂಜಿಗೆ ದಾರ ಪೋಣಿಸಲು, ಎದುರಿಗಿರುವವರ ಮುಖ ಗುರುತಿಸಲು ಬೇಕಾದ ಸೂಕ್ಷ್ಮ ನೋಟ ಇಲ್ಲಿಂದ ಬರುತ್ತದೆ. ವಯಸ್ಸಾದಂತೆ ಕೆಲವರಲ್ಲಿ ಈ ಭಾಗ ಸವೆಯುತ್ತದೆ. ನಿಧಾನವಾಗಿ ಸವೆಯುವುದನ್ನು 'ಒಣ' ಬಗೆ ಎನ್ನುತ್ತಾರೆ. 'ಒದ್ದೆ' ಬಗೆಯಲ್ಲಿ ರೆಟಿನಾದ ಕೆಳಗಿನ ಪದರದಿಂದ ಬಲಹೀನವಾದ ಹೊಸ ರಕ್ತನಾಳಗಳು ಮೊಳೆತು, ರಕ್ತವನ್ನೂ ನೀರನ್ನೂ ಸೋರಿಸುತ್ತವೆ. ಇದರಲ್ಲಿ ನೋಟ ಕೆಲವೇ ವಾರಗಳಲ್ಲಿ ಹೋಗಬಹುದು. ಹಿಂದೆ ಲೇಸರ್ ಕಿರಣದಿಂದ ಆ ನಾಳಗಳನ್ನು ಸುಡುತ್ತಿದ್ದರು. ಆದರೆ ನಾಳದ ಜೊತೆಗೆ ಅದರ ಮೇಲಿನ ರೆಟಿನಾ ಕೂಡ ಸುಟ್ಟುಹೋಗುತ್ತಿತ್ತು.

ಹಾಗಾದರೆ ಬೇಡದ ಜಾಗದಲ್ಲಿ ಬೆಳೆಯಿರಿ ಎಂದು ಆ ನಾಳಗಳಿಗೆ ಹೇಳಿದವರು ಯಾರು?

ಮೊದಲ ಸುಳಿವು

1948ರಲ್ಲಿ ಐಸಾಕ್ ಮೈಕೆಲ್‌ಸನ್ ಎಂಬ ನೇತ್ರತಜ್ಞರು ರೆಟಿನಾದಲ್ಲಿ ರಕ್ತನಾಳಗಳು ಹರಡುವ ಕ್ರಮವನ್ನು ಪರಿಶೀಲಿಸಿ ಒಂದು ಊಹೆಯನ್ನು ಮುಂದಿಟ್ಟರು. ರೆಟಿನಾದಿಂದಲೇ ಯಾವುದೋ ರಾಸಾಯನಿಕ ವಸ್ತು ಹೊರಟು ನಾಳಗಳ ಬೆಳವಣಿಗೆಯನ್ನು ನಿಯಂತ್ರಿಸುತ್ತಿರಬೇಕು ಎಂಬುದೇ ಆ ಊಹೆ.

ಅದೇ ಕಾಲದಲ್ಲಿ ಪಾಶ್ಚಾತ್ಯ ದೇಶಗಳಲ್ಲಿ ಒಂದು ದುರಂತ ನಡೆಯುತ್ತಿತ್ತು. ಅವಧಿಗೆ ಮುನ್ನ ಹುಟ್ಟಿದ ಶಿಶುಗಳನ್ನು ಉಳಿಸಲು ಅವನ್ನು ಧಾರಾಳ ಆಮ್ಲಜನಕ ತುಂಬಿದ ಪೆಟ್ಟಿಗೆಗಳಲ್ಲಿ ಇಡುತ್ತಿದ್ದರು. ಶಿಶುಗಳು ಬದುಕಿದವು, ಆದರೆ ಸಾವಿರಾರು ಮಕ್ಕಳು ಕುರುಡಾದರು. ಲಂಡನ್ನಿನ ನಾರ್ಮನ್ ಆ್ಯಷ್ಟನ್ 1950ರ ದಶಕದಲ್ಲಿ ಬೆಕ್ಕಿನ ಮರಿಗಳ ಮೇಲೆ ಪ್ರಯೋಗ ನಡೆಸಿ ಕಾರಣವನ್ನು ತೋರಿಸಿದರು. ಆಮ್ಲಜನಕ ಹೆಚ್ಚಾದಾಗ ಬೆಳೆಯುತ್ತಿರುವ ನಾಳಗಳು ಮುಚ್ಚಿಹೋಗುತ್ತವೆ. ಸಾಮಾನ್ಯ ಗಾಳಿಗೆ ಮರಳಿದಾಗ ಹೊಸ ನಾಳಗಳು ಅಡ್ಡಾದಿಡ್ಡಿಯಾಗಿ ಬೆಳೆಯುತ್ತವೆ. ಉಸಿರು ಸಾಲದ ಅಂಗಾಂಶವು ರಕ್ತಕ್ಕಾಗಿ ಕೂಗುತ್ತದೆ ಎಂಬುದು ಇದರಿಂದ ಸೂಚಿತವಾಯಿತು. ಆದರೆ ಆ ಕೂಗು ಯಾವ ವಸ್ತುವಿನದು ಎಂಬುದು ತಿಳಿದಿರಲಿಲ್ಲ.

ಸಂದೇಶವಾಹಕ ಸಿಕ್ಕಿದ್ದು

ಉತ್ತರ ಬಂದದ್ದು ಕಣ್ಣಿನ ವಿಭಾಗದಿಂದಲ್ಲ, ಕ್ಯಾನ್ಸರ್ ಸಂಶೋಧನೆಯಿಂದ. ಬಾಸ್ಟನ್ನಿನ ಶಸ್ತ್ರವೈದ್ಯ ಜೂಡಾ ಫೋಕ್‌ಮನ್ 1971ರಲ್ಲಿ ಒಂದು ವಾದವನ್ನು ಮಂಡಿಸಿದರು: ಕ್ಯಾನ್ಸರ್ ಗಡ್ಡೆ ದೊಡ್ಡದಾಗಬೇಕಾದರೆ ಅದು ಹೊಸ ರಕ್ತನಾಳಗಳನ್ನು ತನ್ನ ಕಡೆಗೆ ಕರೆಸಿಕೊಳ್ಳಬೇಕು, ಆ ಕರೆಯನ್ನು ತಡೆದರೆ ಗಡ್ಡೆಯನ್ನೂ ತಡೆಯಬಹುದು. ಅನೇಕರು ಇದನ್ನು ನಂಬಲಿಲ್ಲ.

1983ರಲ್ಲಿ ಹೆರಾಲ್ಡ್ ಡ್ವೊರಾಕ್ ಮತ್ತು ಡೊನಾಲ್ಡ್ ಸೆಂಗರ್ ಗಡ್ಡೆಗಳಿಂದ ಒಸರುವ, ರಕ್ತನಾಳಗಳನ್ನು ಸೋರುವಂತೆ ಮಾಡುವ ಪ್ರೋಟೀನೊಂದನ್ನು ಗುರುತಿಸಿದರು. 1989ರಲ್ಲಿ ಅಮೆರಿಕದ ಜೆನೆನ್‌ಟೆಕ್ ಸಂಸ್ಥೆಯಲ್ಲಿದ್ದ ಇಟಲಿಯ ವಿಜ್ಞಾನಿ ನೆಪೋಲಿಯೋನೆ ಫೆರಾರಾ, ಹಸುವಿನ ಪಿಟ್ಯುಟರಿ ಗ್ರಂಥಿಯ ಕೋಶಗಳಿಂದ ನಾಳಗಳನ್ನು ಬೆಳೆಸುವ ಪ್ರೋಟೀನನ್ನು ಬೇರ್ಪಡಿಸಿದರು. ಪರಿಶೀಲಿಸಿದಾಗ ಎರಡೂ ಒಂದೇ ಎಂದು ತಿಳಿಯಿತು! ಅದರ ಹೆಸರೇ ವಿಇಜಿಎಫ್. 1994ರಲ್ಲಿ ಮಧುಮೇಹದಿಂದ ರೆಟಿನಾ ಕೆಟ್ಟ ರೋಗಿಗಳ ಕಣ್ಣಿನ ದ್ರವದಲ್ಲಿಯೂ ಇದು ಹೆಚ್ಚಿನ ಪ್ರಮಾಣದಲ್ಲಿ ಕಂಡುಬಂತು. ಮೈಕೆಲ್‌ಸನ್ನರ ಊಹೆಗೆ 46 ವರ್ಷಗಳ ನಂತರ ಆಧಾರ ದೊರೆಯಿತು.

ಸಂದೇಶ ತಲುಪುವ ಬಗೆ

ಇದು ಕೆಲಸ ಮಾಡುವ ರೀತಿಯನ್ನು ಸ್ವಲ್ಪ ನಿಧಾನವಾಗಿ ಗಮನಿಸಿ. ಒಂದು ಜೀವಕೋಶಕ್ಕೆ ಆಮ್ಲಜನಕ ಸಾಲದಾದಾಗ ಅದು ವಿಇಜಿಎಫ್ ಅನ್ನು ತಯಾರಿಸಿ ಹೊರಗೆ ಬಿಡುತ್ತದೆ. ರಕ್ತನಾಳದ ಒಳಗೋಡೆಯ ಕೋಶಗಳ ಮೇಲೆ ಗ್ರಾಹಕಗಳಿವೆ. ವಿಇಜಿಎಫ್ ಬಂದು ಕೂತೊಡನೆ ಎರಡು ಗ್ರಾಹಕಗಳು ಜೋಡಿಯಾಗುತ್ತವೆ. ಕೋಶದ ಒಳಗಿರುವ ಅವುಗಳ ತುದಿಗಳಿಗೆ ಫಾಸ್ಫೇಟ್ ಗುಂಪುಗಳು ಅಂಟಿಕೊಳ್ಳುತ್ತವೆ. ಅಲ್ಲಿಂದ ಸುದ್ದಿಯು ಒಂದು ಪ್ರೋಟೀನಿನಿಂದ ಇನ್ನೊಂದಕ್ಕೆ ದಾಟುತ್ತಾ ಹೋಗುತ್ತದೆ. ಕೊನೆಗೆ ಕೋಶ ವಿಭಜಿಸುತ್ತದೆ, ಮುಂದಕ್ಕೆ ಚಲಿಸುತ್ತದೆ, ನೆರೆಯ ಕೋಶಗಳೊಂದಿಗಿನ ಬೆಸುಗೆಯನ್ನು ಸಡಿಲಿಸುತ್ತದೆ. ಬೆಳವಣಿಗೆ ಮತ್ತು ಸೋರಿಕೆ, ಎರಡಕ್ಕೂ ಮೂಲ ಒಂದೇ. ಮುಪ್ಪಿನ ಕಾಯಿಲೆಯಲ್ಲಿ ಆಮ್ಲಜನಕದ ಕೊರತೆಯೊಂದೇ ಕಾರಣವಲ್ಲ. ಆದರೆ ಅಲ್ಲಿಯೂ ಸುದ್ದಿ ಒಯ್ಯುವುದು ಇದೇ ಪ್ರೋಟೀನ್. ಇದನ್ನು ದಾರಿಯಲ್ಲೇ ಹಿಡಿದು ನಿಲ್ಲಿಸಿದರೆ ಗ್ರಾಹಕಕ್ಕೆ ಸುದ್ದಿ ಮುಟ್ಟುವುದಿಲ್ಲ.

ಔಷಧಿ ಮತ್ತು ಅದರ ಬೆಲೆ

ವಿಇಜಿಎಫ್ ಅನ್ನು ಹಿಡಿಯುವ ಬೆವಾಸಿಜುಮ್ಯಾಬ್ ಎಂಬ ಪ್ರತಿಕಾಯಕ್ಕೆ 2004ರಲ್ಲಿ ಅಮೆರಿಕದಲ್ಲಿ ದೊಡ್ಡಕರುಳಿನ ಕ್ಯಾನ್ಸರಿಗಾಗಿ ಅನುಮತಿ ದೊರೆಯಿತು. ಇಷ್ಟು ದೊಡ್ಡ ಅಣು ರೆಟಿನಾದೊಳಗೆ ಇಳಿಯಲಾರದೆಂದು ಭಾವಿಸಿ, ಕಣ್ಣಿಗೆಂದೇ ಚಿಕ್ಕದಾದ ರಾನಿಬಿಜುಮ್ಯಾಬ್ ಅನ್ನು ಅದೇ ಸಂಸ್ಥೆ ಸಿದ್ಧಪಡಿಸಿತು. 2006ರಲ್ಲಿ ಪ್ರಕಟವಾದ 716 ರೋಗಿಗಳ ಅಧ್ಯಯನದ ಫಲಿತಾಂಶ ವೈದ್ಯರನ್ನು ಬೆರಗುಗೊಳಿಸಿತು. ಒಂದು ವರ್ಷದ ನಂತರ ಔಷಧಿ ಪಡೆದವರಲ್ಲಿ ಸುಮಾರು ಶೇ. 95 ಮಂದಿ ನೋಟವನ್ನು ಬಹುಮಟ್ಟಿಗೆ ಉಳಿಸಿಕೊಂಡಿದ್ದರು. ಪಡೆಯದವರಲ್ಲಿ ಈ ಪ್ರಮಾಣ ಶೇ. 62. ಹೆಚ್ಚಿನ ಪ್ರಮಾಣದ ಔಷಧಿ ಪಡೆದವರಲ್ಲಿ ಮೂರನೆಯ ಒಂದು ಭಾಗದಷ್ಟು ಜನರ ನೋಟ ಗಣನೀಯವಾಗಿ ಸುಧಾರಿಸಿತ್ತು.

ಆದರೆ ಆಗ ಒಂದು ಚುಚ್ಚುಮದ್ದಿಗೆ ಅಮೆರಿಕದಲ್ಲಿ ಸುಮಾರು 2,000 ಡಾಲರ್ ಆಗುತ್ತಿತ್ತು, ಅದೂ ತಿಂಗಳಿಗೊಮ್ಮೆ! ಈ ನಡುವೆ 2005ರಲ್ಲಿ ಮಯಾಮಿಯ ವೈದ್ಯ ಫಿಲಿಪ್ ರೋಸೆನ್‌ಫೆಲ್ಡ್ ಕ್ಯಾನ್ಸರಿನ ಔಷಧಿಯನ್ನೇ ಅತ್ಯಲ್ಪ ಪ್ರಮಾಣದಲ್ಲಿ ಕಣ್ಣಿಗೆ ಚುಚ್ಚಿ ನೋಡಿದ್ದರು. ಸೋರಿಕೆ ಕಡಿಮೆಯಾಯಿತು. ಒಂದು ಸೀಸೆಯ ಔಷಧಿ ಹಲವು ಕಣ್ಣುಗಳಿಗೆ ಸಾಕಾಗುವುದರಿಂದ ವೆಚ್ಚ ಸುಮಾರು 50 ಡಾಲರಿಗೆ ಇಳಿಯಿತು. ಎರಡೂ ಸಮವೇ? ದುಬಾರಿ ಔಷಧಿ ಮಾರುವವರಿಗೆ ಇದನ್ನು ಪರೀಕ್ಷಿಸಲು ಕಾರಣವಿರಲಿಲ್ಲ. ಕೊನೆಗೆ ಅಮೆರಿಕದ ಸರ್ಕಾರಿ ನೇತ್ರ ಸಂಸ್ಥೆ ಸಾರ್ವಜನಿಕ ಹಣದಿಂದ ಸುಮಾರು 1,200 ರೋಗಿಗಳಲ್ಲಿ ಹೋಲಿಕೆ ನಡೆಸಿತು. 2011ರ ಫಲಿತಾಂಶದ ಪ್ರಕಾರ, ತಿಂಗಳಿಗೊಮ್ಮೆ ಕೊಟ್ಟಾಗ ದೃಷ್ಟಿಯ ಮಟ್ಟಿಗೆ ಎರಡೂ ಹೆಚ್ಚುಕಡಿಮೆ ಸಮ. 2013ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಅಗ್ಗದ ಔಷಧಿಯನ್ನು ಕಣ್ಣಿನ ಚಿಕಿತ್ಸೆಗಾಗಿ ಅತ್ಯಗತ್ಯ ಔಷಧಿಗಳ ಪಟ್ಟಿಗೆ ಸೇರಿಸಿತು. 2015ರಲ್ಲಿ ಅಹಮದಾಬಾದಿನ ಇಂಟಾಸ್ ಸಂಸ್ಥೆಯು ರಾನಿಬಿಜುಮ್ಯಾಬ್‌ಗೆ ಸಮಾನವಾದ ಔಷಧಿಯನ್ನು ಭಾರತದಲ್ಲಿ ಬಿಡುಗಡೆ ಮಾಡಿತು.

ಮುಗಿಯದ ಕೆಲಸ

ಈ ಚುಚ್ಚುಮದ್ದು ರೋಗವನ್ನು ತಡೆಹಿಡಿಯುತ್ತದೆ, ಬೇರುಸಹಿತ ಕೀಳುವುದಿಲ್ಲ. ಸತ್ತ ಕೋಶಗಳನ್ನು ಮರಳಿ ತರುವುದೂ ಇಲ್ಲ. ಎರಡು ಸಂಕೇತಗಳನ್ನು ಒಟ್ಟಿಗೆ ತಡೆಯುವ ಫಾರಿಸಿಮ್ಯಾಬ್‌ಗೆ 2022ರಲ್ಲಿ ಅಮೆರಿಕದಲ್ಲಿ ಅನುಮತಿ ಸಿಕ್ಕಿತು; ಇದರಿಂದ ಚುಚ್ಚುಮದ್ದುಗಳ ನಡುವಿನ ಅಂತರ ಹೆಚ್ಚಿಸಲು ಸಾಧ್ಯವಾಗಿದೆ. ಒಣ ಬಗೆಗೆ 2023ರಲ್ಲಿ ಅಲ್ಲಿ ಬಂದ ಎರಡು ಔಷಧಿಗಳು ಸವೆತವನ್ನು ನಿಧಾನಗೊಳಿಸುತ್ತವೆ, ಅಷ್ಟೇ. ಮುಂದಿನ ಅಧ್ಯಾಯವನ್ನು ನಿಮ್ಮಲ್ಲೊಬ್ಬರು ಬರೆಯಬಹುದು.

ನೀವೇ ಮಾಡಿ ನೋಡಿ

ಒಂದು ಹಾಳೆಯ ಮೇಲೆ 10 ಸೆಂಟಿಮೀಟರಿನ ಚೌಕ ಬರೆದು, ಅದರೊಳಗೆ ಅರ್ಧ ಸೆಂಟಿಮೀಟರಿಗೊಂದರಂತೆ ಅಡ್ಡಗೆರೆ, ಉದ್ದಗೆರೆ ಎಳೆಯಿರಿ. ನಡುವೆ ಒಂದು ಕಪ್ಪು ಚುಕ್ಕೆ ಇಡಿ. ಇದನ್ನು ಬಳಕೆಗೆ ತಂದವರು ಸ್ವಿಟ್ಜರ್ಲೆಂಡಿನ ನೇತ್ರತಜ್ಞ ಮಾರ್ಕ್ ಆಮ್ಸ್ಲರ್. ನಿಮ್ಮ ಮನೆಯ ಅಜ್ಜ ಅಜ್ಜಿಯರು ಓದುವ ಕನ್ನಡಕ ಹಾಕಿಕೊಂಡು, ಒಂದು ಕಣ್ಣು ಮುಚ್ಚಿ, ಸುಮಾರು 30 ಸೆಂಟಿಮೀಟರ್ ದೂರದಿಂದ ಆ ಚುಕ್ಕೆಯನ್ನು ನೋಡಲಿ. ಆಮೇಲೆ ಇನ್ನೊಂದು ಕಣ್ಣಿನಿಂದಲೂ ನೋಡಲಿ. ಗೆರೆಗಳು ಸೊಟ್ಟಗೆ ಕಂಡರೆ, ಅಥವಾ ಎಲ್ಲಾದರೂ ಮಸುಕಾಗಿ ಮಾಯವಾದರೆ, ಕನ್ನಡಕದ ಅಂಗಡಿಗಲ್ಲ, ನೇತ್ರತಜ್ಞರ ಬಳಿಗೆ ಆ ವಾರದಲ್ಲೇ ಕರೆದುಕೊಂಡು ಹೋಗಿ. ಗೆರೆಗಳು ನೇರವಾಗಿ ಕಂಡರೂ ನೋಟದಲ್ಲಿ ತೊಂದರೆ ಇದೆಯೆಂದು ಅವರು ಹೇಳಿದರೆ ಆ ಮಾತನ್ನು ತಳ್ಳಿಹಾಕಬೇಡಿ. ನಾನು ಕಳೆದ ಮೂರು ತಿಂಗಳನ್ನು ನೀವು ಕಳೆಯಬೇಡಿ.