ಇಪ್ಪತ್ನಾಲ್ಕು ಪ್ರಶ್ನೆ, ನಲವತ್ತು ನಿಮಿಷ

ಕೇರಿಯಿಂದ, ಹಟ್ಟಿಯಿಂದ ಬಂದು, ಸರ್ಕಾರಿ ಹಾಸ್ಟೆಲಿನ ಅನ್ನ ಉಂಡು ಡಿಗ್ರಿ ಮುಗಿಸಿದ ನಮ್ಮ ಹುಡುಗ ಹುಡುಗಿಯರಲ್ಲಿ ಕೆಲವರು ಈಗೀಗ ಕ್ಯಾಟ್ ಪರೀಕ್ಷೆಗೆ ಕೂರುತ್ತಿದ್ದಾರೆ. ಐಐಎಂ ಎಂಬ ದೊಡ್ಡ ಮ್ಯಾನೇಜ್‌ಮೆಂಟ್ ಸಂಸ್ಥೆಗಳಲ್ಲಿ ಸ್ನಾತಕೋತ್ತರ ಓದಿಗೆ ಹೋಗಬೇಕಾದರೆ ಇದೇ ಬಾಗಿಲು. ಪರೀಕ್ಷೆಗೆ ಮೂರು ಭಾಗ. ಮೊದಲನೆಯದೇ ಇಂಗ್ಲೀಷು. ಈಚಿನ ವರ್ಷಗಳಲ್ಲಿ ಅದರಲ್ಲಿ 24 ಪ್ರಶ್ನೆ, 40 ನಿಮಿಷ. ಸರಿಯುತ್ತರಕ್ಕೆ ಮೂರು ಅಂಕ. ನಾಲ್ಕರಲ್ಲೊಂದು ಆರಿಸುವ ಪ್ರಶ್ನೆಯಲ್ಲಿ ತಪ್ಪಿದರೆ ಒಂದು ಅಂಕ ಕತ್ತರಿ. ಉಳಿದೆರಡು ಭಾಗಗಳು ಲೆಕ್ಕ, ತರ್ಕ, ಅವೂ ಇಂಗ್ಲೀಷಿನಲ್ಲೇ. ಕನ್ನಡದಲ್ಲಿ ಈ ಪರೀಕ್ಷೆ ಇಲ್ಲ.

ಒಟ್ಟು ಅಂಕ ಎಷ್ಟೇ ಬರಲಿ, ಒಂದೊಂದು ಭಾಗದಲ್ಲೂ ಕನಿಷ್ಠ ಇಷ್ಟಿರಬೇಕು ಅಂತ ಸಂಸ್ಥೆಗಳು ಗೆರೆ ಎಳೆದಿವೆ. ಮೀಸಲಾತಿಯವರಿಗೆ ಗೆರೆ ತುಸು ಕೆಳಗೆ. ಆದರೂ ಗೆರೆ ಗೆರೆಯೇ. ಲೆಕ್ಕದಲ್ಲಿ ಹುಲಿಯಂಥ ಹುಡುಗ ಇಂಗ್ಲೀಷಿನ ಗೆರೆ ಹತ್ತಿರ ಬಂದು ಕುಸೀತಾನೆ. ಕುಸಿದ ಮೇಲೆ ನಮ್ಮ ಹತ್ತಿರ ಬಂದು ಏನಂತಾನೆ ಗೊತ್ತಾ? "ನನ್ ತಲೆ ಇಷ್ಟೇ ಸಾ" ಅಂತಾನೆ. ನಮಗೆ ಸಿಟ್ಟು ಬರೋದು ಪರೀಕ್ಷೆಯ ಮೇಲಲ್ಲ, ಈ ಮಾತಿನ ಮೇಲೆ. ತಲೆ ಅಳೆಯೋ ಈ ಕೋಲನ್ನ ಯಾರು ಕಡಿದರು, ಯಾವ ಮರದಿಂದ ಕಡಿದರು ಅನ್ನೋದು ನಮ್ಮ ಹುಡುಗರಿಗೆ ಗೊತ್ತಿರಬೇಕು.

ಈ ದೇಶದ ದೊಡ್ಡ ನೌಕರಿಗಳಿಗೆ ಮೊದಲ ಸ್ಪರ್ಧಾ ಪರೀಕ್ಷೆ ನಡೆದದ್ದು 1855ರಲ್ಲಿ. ಇಲ್ಲಲ್ಲ, ಲಂಡನ್ನಿನಲ್ಲಿ. ಅದರ ನಿಯಮ ಬರೆದ ಸಮಿತಿಗೆ ಹಿರಿಯ ಮೆಕಾಲೆ. ಆ ಅಂಕಪಟ್ಟಿ ನೋಡಿ. ಒಟ್ಟು 6875 ಅಂಕ. ಅದರಲ್ಲಿ ಇಂಗ್ಲೀಷ್ ರಚನೆ, ಸಾಹಿತ್ಯ, ಇತಿಹಾಸಕ್ಕೆ 1500. ಗ್ರೀಕಿಗೆ 750, ಲ್ಯಾಟಿನ್ನಿಗೆ 750. ಫ್ರೆಂಚ್, ಜರ್ಮನ್, ಇಟಾಲಿಯನ್ನಿಗೆ ತಲಾ 375. ಆಳಬೇಕಾದ್ದು ಇಂಡಿಯಾವನ್ನ, ಆದರೆ ಇಂಡಿಯಾದಲ್ಲಿ ಓದುವ ಭಾಷೆಗಳ ಪೈಕಿ ಸಂಸ್ಕೃತಕ್ಕೆ 375, ಅರಬ್ಬಿಗೆ 375, ಅಷ್ಟೆ. ಕನ್ನಡ, ತಮಿಳು, ಮರಾಠಿಗೆ ಸೊನ್ನೆ. ಒಳ್ಳೇ ಸಾಮಾನ್ಯ ವಿದ್ಯೆ ಪಡೆದವನು ಯಾವ ಕೆಲಸಕ್ಕೂ ಲಾಯಕ್ಕು ಅನ್ನೋದು ಸಮಿತಿಯ ವಾದ. ಆ ಸಾಮಾನ್ಯ ವಿದ್ಯೆ ಸಿಗುತ್ತಿದ್ದದ್ದು ಮಾತ್ರ ಆಕ್ಸ್‌ಫರ್ಡ್, ಕೇಂಬ್ರಿಜ್ಜಿನಲ್ಲಿ. ತಮ್ಮ ಮನೆಯ ಸೇರನ್ನ ತಾವೇ ಇಟ್ಟುಕೊಂಡು ಊರಿನವರ ರಾಗಿ ಅಳೆದ ಹಾಗೆ. 1863ರಲ್ಲಿ ಸತ್ಯೇಂದ್ರನಾಥ ಟಾಗೋರರು ಈ ಪರೀಕ್ಷೆ ಗೆದ್ದ ಮೊದಲ ಇಂಡಿಯದವರಾದರು. ಅವರು ಜಮೀನ್ದಾರಿ ಮನೆಯವರು, ಹಡಗು ಹತ್ತಬಲ್ಲವರು. ಮೊದಲು 23 ಇದ್ದ ವಯೋಮಿತಿಯನ್ನ ಇಳಿಸ್ತಾ ಇಳಿಸ್ತಾ 1870ರ ದಶಕದಲ್ಲಿ 19ಕ್ಕೆ ತಂದರು. ಈ ಪರೀಕ್ಷೆ ಇಂಡಿಯಾದ ನೆಲದ ಮೇಲೂ ನಡೆಯೋಕೆ 1922 ಬರಬೇಕಾಯಿತು.

ಲಂಡನ್ನಿನಲ್ಲಿ ಆ ಪರೀಕ್ಷೆ ಶುರುವಾದ ಮರುವರ್ಷ ನಮ್ಮ ಧಾರವಾಡದಲ್ಲಿ ಒಂದು ಘಟನೆ ನಡೆಯಿತು. ಆಗ ಧಾರವಾಡ ಮುಂಬಯಿ ಪ್ರಾಂತ್ಯಕ್ಕೆ ಸೇರಿತ್ತು. 1856ರ ಜೂನಿನಲ್ಲಿ ಒಬ್ಬ ಮಹಾರ್ ಹುಡುಗ ಮುಂಬಯಿ ಸರ್ಕಾರಕ್ಕೆ ಅರ್ಜಿ ಬರೆದ. ಧಾರವಾಡದ ಸರ್ಕಾರಿ ಶಾಲೆಗೆ ಸೇರಿಸಿಕೊಳ್ಳಿ, ಫೀಸು ಕೊಡ್ತೇನೆ ಅಂತ. ಸರ್ಕಾರ ಏನು ಹೇಳಿತು? ನ್ಯಾಯ ಹುಡುಗನ ಕಡೆಗಿದೆ ಅಂತ ಒಪ್ಪಿಕೊಂಡಿತು. ಒಪ್ಪಿಕೊಂಡೇ ಬಾಗಿಲು ಹಾಕಿತು. ಒಬ್ಬನನ್ನ ಸೇರಿಸಿದರೆ ಮಿಕ್ಕವರೆಲ್ಲ ಶಾಲೆ ಬಿಟ್ಟು ಹೋಗ್ತಾರೆ, ಶಾಲೆಯೇ ವ್ಯರ್ಥವಾಗುತ್ತೆ ಎಂಬುದು ಅದರ ಕಾರಣ. ಮುಂದೆ ಲಂಡನ್ನಿನ ಕಂಪನಿ ಡೈರೆಕ್ಟರುಗಳು ಸರ್ಕಾರಿ ಶಾಲೆ ಎಲ್ಲರಿಗೂ ತೆರೆದಿರಬೇಕು ಅಂತ ಕಾಗದದ ಮೇಲೆ ಬರೆದರು. ಕಾಗದ ಊರ ಬಾಗಿಲ ತನಕ ಬಂತು, ಒಳಗೆ ಬರಲಿಲ್ಲ. 1928ರಲ್ಲಿ ಸೈಮನ್ ಕಮಿಷನ್ನಿಗೆ ಕೊಟ್ಟ ಹೇಳಿಕೆಯಲ್ಲಿ ಬಾಬಾಸಾಹೇಬರು ಈ ಧಾರವಾಡದ ಕತೆಯನ್ನ ಎತ್ತಿ ಹೇಳಿ, 1881-82ರ ಲೆಕ್ಕ ಮುಂದಿಟ್ಟರು. ಇಡೀ ಮುಂಬಯಿ ಪ್ರಾಂತ್ಯದ ಹೈಸ್ಕೂಲುಗಳಲ್ಲಿ, ಕಾಲೇಜುಗಳಲ್ಲಿ ಅಸ್ಪೃಶ್ಯರ ಮಗ ಒಬ್ಬನೂ ಇರಲಿಲ್ಲ. ಒಬ್ಬನೂ!

ಆ ಧಾರವಾಡದ ಹುಡುಗನ ಅರ್ಜಿ ನಮ್ಮ ಚರಿತ್ರೆಯ ಮೊದಲ ಪ್ರವೇಶ ಪರೀಕ್ಷೆ ಅಂತ ನಾವು ತಿಳಿದಿದ್ದೇವೆ. ಪ್ರಶ್ನೆ ಒಂದೇ, ಜಾತಿ ಯಾವುದು. ಉತ್ತರ ಸರಿಯಾಗಿ ಬರೆದದ್ದಕ್ಕೇ ಫೇಲಾದ.

ಮುಂದಿನ ಮಾತು ಸ್ವಲ್ಪ ಎಚ್ಚರದಿಂದ ಆಡಬೇಕು. ಇಂಗ್ಲೀಷು ಬಿಳಿಯನ ಭಾಷೆ, ಆಳುವವನ ಭಾಷೆ, ನಿಜ. ಆದರೆ ನಮ್ಮ ಹಿರಿಯರು ಅದನ್ನ ಬೇಡ ಅನ್ನಲಿಲ್ಲ. ಸಾವಿತ್ರಿಬಾಯಿ ಫುಲೆ ಇಂಗ್ಲೀಷನ್ನ ತಾಯಿ ಅಂತ ಕರೆದು ಕವಿತೆ ಬರೆದರು. ಜೋತಿಬಾ ಫುಲೆ 1882ರಲ್ಲಿ ಹಂಟರ್ ಕಮಿಷನ್ನಿನ ಮುಂದೆ, ರೈತರು ಕಟ್ಟಿದ ಕಂದಾಯದ ದುಡ್ಡು ಮೇಲ್ಜಾತಿಯವರ ಉನ್ನತ ಶಿಕ್ಷಣಕ್ಕೆ ಹೋಗುತ್ತಿದೆ, ಬಡವರ ಪ್ರಾಥಮಿಕ ಶಾಲೆಗೆ ಬರುತ್ತಿಲ್ಲ ಅಂತ ವಾದಿಸಿದರು. ಅಂಬೇಡ್ಕರ್ ಹೈಸ್ಕೂಲಿನಲ್ಲಿ ಸಂಸ್ಕೃತ ಕಲಿಯಬೇಕು ಅಂದರು. ಕಲಿಸಲಿಲ್ಲ. ಪಾರಸಿ ತಗೊಂಡರು. 1907ರಲ್ಲಿ ಮೆಟ್ರಿಕ್, 1912ರಲ್ಲಿ ಬಿಎ, 1913ರಲ್ಲಿ ಅಮೆರಿಕದ ಕೊಲಂಬಿಯಾ. ದೇವಭಾಷೆ ಬಾಗಿಲು ಹಾಕಿದ ಹುಡುಗನಿಗೆ ದಾರಿಯಾದದ್ದು ಇಂಗ್ಲೀಷೇ. ಹಾಗಂತ ಅದಕ್ಕೆ ಗುಡಿ ಕಟ್ಟಬೇಕಾಗಿಲ್ಲ. 2010ರಲ್ಲಿ ಉತ್ತರ ಪ್ರದೇಶದ ಬಾಂಕಾ ಹಳ್ಳಿಯಲ್ಲಿ ನಮ್ಮ ಗೆಳೆಯರು ಇಂಗ್ಲೀಷ್ ದೇವಿಗೆ ಗುಡಿ ಕಟ್ಟಲು ಹೊರಟರು. ಅವರ ಸಂಕಟ ಅರ್ಥವಾಗುತ್ತೆ, ಆದರೆ ಇರೋ ದೇವರುಗಳೇ ನಮಗೆ ಸಾಕುಬೇಕಾಗಿವೆ.

ಕರ್ನಾಟಕದಲ್ಲಿ ಇದೇ ಮಾತು ಬೆಂಕಿ ಹಚ್ಚಿದ್ದು 1973ರ ನವೆಂಬರಿನಲ್ಲಿ. ಮೈಸೂರಿನಲ್ಲಿ ಮಂತ್ರಿ ಬಿ. ಬಸವಲಿಂಗಪ್ಪನವರು ಕನ್ನಡ ಸಾಹಿತ್ಯದಲ್ಲಿ ಬಹಳಷ್ಟು ಬೂಸಾ ಅಂದರು, ದಲಿತ ಹುಡುಗರು ಇಂಗ್ಲೀಷು ಕಲಿಯಲಿ ಅಂದರು. ರಾಜ್ಯ ಹೊತ್ತಿ ಉರಿಯಿತು. ಪೆಟ್ಟು ಬಿದ್ದದ್ದು ಯಾರ ಮೇಲೆ? ದಲಿತ ವಿದ್ಯಾರ್ಥಿಗಳ ಮೇಲೆ. ಬಸವಲಿಂಗಪ್ಪನವರ ಮಂತ್ರಿಗಿರಿ ಹೋಯಿತು. ದಲಿತ ಸಂಘರ್ಷ ಸಮಿತಿ ಹುಟ್ಟಿದ್ದು ಆ ಹೊಗೆಯೊಳಗಿಂದಲೇ. ಬೂಸಾ ಅನ್ನೋ ಪದ ಎಲ್ಲರಿಗೂ ನೆನಪಿದೆ, ಇಂಗ್ಲೀಷು ಕಲೀರಿ ಅಂದದ್ದು ಯಾರಿಗೂ ನೆನಪಿಲ್ಲ. 1982ರ ಗೋಕಾಕ್ ಚಳವಳಿಯಲ್ಲಿ ಬೀದಿ ತುಂಬ ಕನ್ನಡದ ಕೂಗು. ಆ ಕೂಗು ನಮ್ಮದೂ ಹೌದು. ಆದರೆ ಕೂಗಿದ ಎಷ್ಟೋ ದೊಡ್ಡವರ ಮಕ್ಕಳು ಕಾನ್ವೆಂಟಿನಲ್ಲಿದ್ದರು, ನಮ್ಮ ಮಕ್ಕಳು ಸರ್ಕಾರಿ ಶಾಲೆಯ ಐದನೇ ಕ್ಲಾಸಿನಲ್ಲಿ ಎಬಿಸಿಡಿ ತಿದ್ದುತ್ತಿದ್ದರು. ಸರ್ಕಾರಿ ಕನ್ನಡ ಶಾಲೆಯಲ್ಲಿ ಒಂದನೇ ಕ್ಲಾಸಿಗೆ ಇಂಗ್ಲೀಷು ಬಂದದ್ದು 2007ರಲ್ಲಿ. ಕಾನ್ವೆಂಟಿನ ಮಗು ಮೂರೂವರೆ ವರ್ಷಕ್ಕೆ ಶುರು ಮಾಡಿದ್ದನ್ನ ನಮ್ಮ ಮಗು ಹತ್ತಕ್ಕೆ ಶುರು ಮಾಡುತ್ತಿತ್ತು. ಈ ಆರೂವರೆ ವರ್ಷದ ಲೆಕ್ಕ ನೆನಪಿರಲಿ.

ಐಸಿಎಸ್ ಪರೀಕ್ಷೆಯಲ್ಲಿ ಉದ್ದುದ್ದ ಉತ್ತರ ಬರೀಬೇಕಿತ್ತು. ಇವತ್ತಿನ, ಗಡಿಯಾರ ನೋಡಿಕೊಂಡು ಟಿಕ್ಕು ಹಾಕುವ ಪರೀಕ್ಷೆಯ ತಾಯಿಬೇರು ಇರೋದು ಅಮೆರಿಕದಲ್ಲಿ. ಮೊದಲ ಮಹಾಯುದ್ಧದಲ್ಲಿ ಅಲ್ಲಿನ ಸೈನ್ಯ ಸುಮಾರು 17 ಲಕ್ಷ ಜನರ ಬುದ್ಧಿ ಅಳೆಯಿತು. ಆ ಅಂಕಗಳನ್ನ ಇಟ್ಟುಕೊಂಡು ಕಾರ್ಲ್ ಬ್ರಿಗ್‌ಹ್ಯಾಮ್ ಎಂಬ ಪ್ರೊಫೆಸರು 1923ರಲ್ಲಿ ಒಂದು ಪುಸ್ತಕ ಬರೆದ. ಅದರಲ್ಲಿ ಒಂದು ಸಂಗತಿ ಅವನ ಕಣ್ಣಿಗೇ ಬಿತ್ತು. ಹೊರದೇಶದಿಂದ ಬಂದವರು ಅಮೆರಿಕದಲ್ಲಿ ಹೆಚ್ಚು ವರ್ಷ ಇದ್ದಷ್ಟೂ ಅವರ ಅಂಕ ಹೆಚ್ಚು. ನಮ್ಮ ಊರಿನ ಕುರಿ ಕಾಯೋ ಹುಡುಗನೂ ಇದರ ಅರ್ಥ ಹೇಳ್ತಾನೆ: ಇದ್ದಷ್ಟು ವರ್ಷ ಭಾಷೆ ಕಲಿತರು, ಅಲ್ಲಿನ ರೀತಿ ಕಲಿತರು. ಪ್ರೊಫೆಸರು ಹಾಗೆ ಹೇಳಲಿಲ್ಲ. ಮೊದಲು ಬಂದವರು ಶ್ರೇಷ್ಠ ಕುಲದವರು, ಆಮೇಲೆ ಬಂದವರು ಕೀಳು ಕುಲದವರು, ಅದಕ್ಕೇ ಅಂಕ ಕಮ್ಮಿ ಅಂದ. ಮನು ಇಂಗ್ಲೀಷಿನಲ್ಲಿ ಬರೆದಿದ್ದರೆ ಹೀಗೇ ಬರೀತಿದ್ದ. ಇದೇ ಬ್ರಿಗ್‌ಹ್ಯಾಮನ ಮುಂದಾಳುತನದಲ್ಲಿ 1926ರಲ್ಲಿ ಅಮೆರಿಕದ ಕಾಲೇಜು ಪ್ರವೇಶದ ಸ್ಯಾಟ್ ಪರೀಕ್ಷೆ ಶುರುವಾಯಿತು. ಒಂದು ಮಾತು ಅವನ ಪರವಾಗಿಯೂ ಹೇಳಬೇಕು. 1930ರಲ್ಲಿ ಅವನು ತನ್ನ ತೀರ್ಮಾನಕ್ಕೆ ಬುಡವಿಲ್ಲ ಅಂತ ಅಚ್ಚಿನಲ್ಲೇ ಒಪ್ಪಿಕೊಂಡ. ತಪ್ಪೊಪ್ಪಿಗೆ ಅಲ್ಲೇ ಉಳಿಯಿತು, ಪರೀಕ್ಷೆ ಲೋಕ ಸುತ್ತಿತು.

ಆ ಸ್ಯಾಟಿನಲ್ಲಿ ಹಿಂದೆ ಬಂದಿದ್ದ ಒಂದು ಪ್ರಶ್ನೆ ಕುಖ್ಯಾತವಾಗಿದೆ. ಮ್ಯಾರಥಾನಿಗೆ ಓಟಗಾರ ಹೇಗೋ ಹಾಗೆ ಯಾವುದಕ್ಕೆ ಯಾರು? ಸರಿಯುತ್ತರ: ರೆಗಟ್ಟಾಕ್ಕೆ ಹುಟ್ಟು ಹಾಕುವವನು. ರೆಗಟ್ಟಾ ಅಂದರೆ ದೋಣಿ ಪಂದ್ಯ, ಶ್ರೀಮಂತರ ಆಟ. ಹಾರ್ಲೆಮ್ಮಿನ ಕರಿಯ ಹುಡುಗ ಅದನ್ನ ಎಲ್ಲಿ ಕಂಡಾನು? ಇಂಥ ಜೋಡಿ ಪದಗಳ ಪ್ರಶ್ನೆಗಳನ್ನ 2005ರಲ್ಲಿ ಸ್ಯಾಟಿನಿಂದ ತೆಗೆದರು.

ನಮ್ಮಲ್ಲೂ ಒಮ್ಮೆ ಗೆರೆ ಅಲುಗಿದೆ. 2011ರಲ್ಲಿ ಯುಪಿಎಸ್‌ಸಿಯವರು ಐಎಎಸ್ ಪ್ರಿಲಿಮಿನರಿಗೆ ಸಿಸ್ಯಾಟ್ ಎಂಬ ಪತ್ರಿಕೆ ತಂದರು. ಅದರೊಳಗೆ ಇಂಗ್ಲೀಷ್ ಗ್ರಹಿಕೆಯ ಪ್ರಶ್ನೆಗಳು. ಹಿಂದಿ ಮತ್ತಿತರ ಭಾಷೆಯಲ್ಲಿ ಓದಿದ ಹುಡುಗರು 2014ರಲ್ಲಿ ದಿಲ್ಲಿಯ ಮುಖರ್ಜಿನಗರದಲ್ಲಿ ಬೀದಿಗಿಳಿದರು, ಲಾಠಿ ತಿಂದರು. ಆ ಇಂಗ್ಲೀಷ್ ಪ್ರಶ್ನೆಗಳ ಅಂಕ ಲೆಕ್ಕಕ್ಕಿಲ್ಲ ಅಂತ ಸರ್ಕಾರ ಹೇಳಬೇಕಾಯಿತು. 2015ರಿಂದ ಇಡೀ ಸಿಸ್ಯಾಟ್ ಪತ್ರಿಕೆಯೇ ಬರೀ 33 ಪರ್ಸೆಂಟ್ ಪಾಸು ಮಾಡಿದರೆ ಸಾಕು ಅಂತಾಯಿತು. ಕ್ಯಾಟಿನ ವಿಷಯದಲ್ಲಿ ಅಂಥ ಹೋರಾಟ ಎದ್ದಿಲ್ಲ. ಏಳಬೇಕು. ಆದರೆ ಅದು ಏಳುವ ತನಕ ಈ ವರ್ಷದ ಹುಡುಗಿ ಕಾಯೋಕಾಗಲ್ಲ. ಅರ್ಜಿಗೆ ದುಡ್ಡು ಕಟ್ಟಿದ್ದಾಳೆ. ಕೂಲಿ ಮಾಡೋ ಮನೆಯಲ್ಲಿ ಅದು ಸಣ್ಣ ದುಡ್ಡಲ್ಲ.

ಹಾಗಾಗಿ ನಾವು ಭಾನುವಾರ ಭಾನುವಾರ ಕೂರುತ್ತೇವೆ. ನಮ್ಮಲ್ಲಿ ಯಾರೂ ಇಂಗ್ಲೀಷ್ ಪಂಡಿತರಲ್ಲ. ಬ್ರಿಗ್‌ಹ್ಯಾಮನ ಕತೆಯಿಂದ ಶುರು ಮಾಡ್ತೇವೆ. ಇಂಗ್ಲೀಷಿನ ಹತ್ತಿರ ಎಷ್ಟು ವರ್ಷ ಇದ್ದೀಯ ಅನ್ನೋದನ್ನೇ ಈ ಪತ್ರಿಕೆ ಬಹುಪಾಲು ಅಳೆಯುತ್ತೆ, ಆ ವರ್ಷಗಳನ್ನ ತಿಂಗಳುಗಳಿಗೆ ಇಳಿಸೋದು ನಮ್ಮ ಕೆಲಸ ಅಂತ ಹೇಳ್ತೇವೆ. ಕೋಚಿಂಗ್ ಅಂಗಡಿಗಳು ಮೂರು ಸಾವಿರ ಕಠಿಣ ಪದಗಳ ಪಟ್ಟಿ ಮಾರುತ್ತವೆ. ಉರು ಹೊಡೆಯೋದು ಬೇಡ. ವೇದ ಉರು ಹೊಡೆದವರ ಗತಿ ನೋಡಿದ್ದೇವಲ್ಲ. ಇಪ್ಪತ್ನಾಲ್ಕರಲ್ಲಿ ಸಾಮಾನ್ಯವಾಗಿ ಹದಿನಾರು ಪ್ರಶ್ನೆ ನಾಲ್ಕು ಗದ್ಯಭಾಗಗಳ ಮೇಲೆ ಬರುತ್ತವೆ. ಉಳಿದ ಎಂಟು, ಚದುರಿದ ವಾಕ್ಯಗಳನ್ನ ಸಾಲು ಹಿಡಿಸೋದು, ಸಾರ ಆರಿಸೋದು, ಇಂಥವು. ಬರೀ ಪದದ ಅರ್ಥ ಕೇಳುವುದು ಈಗ ಇಲ್ಲವೆಂದೇ ಹೇಳಬೇಕು. ಬರೆದವನು ಯಾರ ಜೊತೆ ಜಗಳ ಆಡ್ತಿದ್ದಾನೆ, ಅದು ಸಿಕ್ಕಿದರೆ ಅರ್ಧ ಗೆದ್ದಂತೆ. ಜಗಳ ಹಿಡಿಯೋದು ನಮ್ಮ ಮಕ್ಕಳಿಗೆ ಯಾರೂ ಕಲಿಸಬೇಕಾಗಿಲ್ಲ.

ಕಷ್ಟ ಇರೋದು ವಾಕ್ಯದ ಕಟ್ಟಿನಲ್ಲಿ. ಕನ್ನಡದಲ್ಲಿ ನಾವು "ನಿನ್ನೆ ಸಂತೆಯಲ್ಲಿ ಎಮ್ಮೆ ಮಾರಿದ ಮುದುಕ" ಅಂತೀವಿ. ವಿವರ ಎಲ್ಲ ಮುಂದೆ, ಮುದುಕ ಕೊನೆಗೆ. ಇಂಗ್ಲೀಷಿನಲ್ಲಿ ಮುದುಕ ಮೊದಲು ಬಂದು ನಿಲ್ತಾನೆ, 'ಹೂ' ಅಂತ ಒಂದು ಕೊಕ್ಕೆ ಬೀಳುತ್ತೆ, ಎಮ್ಮೆ ಸಂತೆ ಎಲ್ಲ ಅದರ ಹಿಂದೆ ನೇತಾಡುತ್ತವೆ. ಮುದುಕ ಏನು ಮಾಡಿದ ಅನ್ನುವ ಕ್ರಿಯಾಪದ ಎಲ್ಲೋ ಮುಂದೆ ಇರುತ್ತೆ. ಕನ್ನಡ ಮೀಡಿಯಮ್ಮಿನ ಹುಡುಗರು ಕಳೆದುಹೋಗೋದು ಇಲ್ಲೇ. ಅದಕ್ಕೆ ಪೆನ್ಸಿಲ್ಲಿನಲ್ಲಿ ಕರ್ತೃವಿಗೊಂದು ಗೆರೆ, ಅದರ ಕ್ರಿಯಾಪದಕ್ಕೊಂದು ಗೆರೆ, ನಡುವಿನದನ್ನ ಕಂಸದೊಳಗೆ ಹಾಕಿಸ್ತೇವೆ. 'ಹೌಎವರ್', 'ಆಲ್ದೋ' ಕಂಡಲ್ಲಿ ಸುತ್ತು ಹಾಕಿಸ್ತೇವೆ, ವಾದ ತಿರುಗೋ ಮೂಲೆ ಅದು. ಮೊದಲ ತಿಂಗಳು ಗಡಿಯಾರ ಇಲ್ಲ. ಕೊನೆಯ ಎರಡು ತಿಂಗಳು ಗಡಿಯಾರ ಇಟ್ಟು ಹಿಂದಿನ ವರ್ಷಗಳ ಪತ್ರಿಕೆ. ನಾಲ್ಕು ಗದ್ಯದಲ್ಲಿ ಮೂರನ್ನೇ ಸರಿಯಾಗಿ ಓದು, ನಾಲ್ಕನೆಯದನ್ನ ಬಿಡು ಅನ್ನೋ ಧೈರ್ಯವನ್ನೂ ಕಲಿಸಬೇಕಾಗುತ್ತೆ. ಆಯ್ಕೆ ಕೊಡದೆ ಉತ್ತರ ಟೈಪು ಮಾಡಿಸುವ ಪ್ರಶ್ನೆಗಳಿಗೆ ಮಾತ್ರ ತಪ್ಪಾದರೂ ಅಂಕ ಕತ್ತರಿಯಿಲ್ಲ, ಅವನ್ನ ಖಾಲಿ ಬಿಡಬಾರದು.

ಓದಲು ಯಾವ ಪುಸ್ತಕ ಅಂತ ಕೇಳಿದವರಿಗೆ ನಾವು ಕೊಡೋದು ಬಾಬಾಸಾಹೇಬರ 'ಅನಿಹಿಲೇಷನ್ ಆಫ್ ಕ್ಯಾಸ್ಟ್'. 1936ರಲ್ಲಿ ಲಾಹೋರಿನ ಜಾತ್-ಪಾತ್ ತೋಡಕ್ ಮಂಡಲ ಕರೆದು, ಭಾಷಣದ ಪ್ರತಿ ನೋಡಿ ಹೆದರಿ ಸಭೆಯನ್ನೇ ಕೈಬಿಟ್ಟಿತಲ್ಲ, ಆ ಭಾಷಣ. ಎದುರಾಳಿಯ ಮಾತನ್ನ ಮೊದಲು ಪೂರ್ತಿ ಹೇಳಿ ಆಮೇಲೆ ಒಂದೊಂದಾಗಿ ಕಿತ್ತು ಹಾಕುವ ಬರವಣಿಗೆ. ಒಂದು ಪ್ಯಾರಾ ತಗೊಂಡು ವಾಕ್ಯಗಳನ್ನ ಬೇರೆ ಬೇರೆ ಚೀಟಿಯಲ್ಲಿ ಬರೆದು ಕಲೆಸ್ತೇವೆ, ಮತ್ತೆ ಜೋಡಿಸ್ರೋ ಅಂತೀವಿ. ವಿಷಯ ತಮ್ಮದಾದ್ದರಿಂದ ಹುಡುಗರು ಭಾಷೆಯ ಭಯ ಮರೀತಾರೆ. ಪರೀಕ್ಷೆಯಲ್ಲಿ ಬರೋದು ಯೂರೋಪಿನ ಚಿತ್ರಕಲೆಯೋ, ಸಮುದ್ರದ ತಿಮಿಂಗಿಲವೋ. ಕಟ್ಟು ಅದೇ.

ಮೊನ್ನೆ ಭಾನುವಾರ ಒಂಬತ್ತು ಜನ ಬಂದಿದ್ದರು. ಒಂದು ಉದ್ದ ವಾಕ್ಯದಲ್ಲಿ ಕ್ರಿಯಾಪದ ಹುಡುಕೋದರಲ್ಲೇ ಅರ್ಧ ಗಂಟೆ ಹೋಯಿತು. ನಾವು ತೋರಿಸಿದ್ದು ತಪ್ಪು ಅಂತ ಬಿಕಾಂ ಓದಿದ ಹುಡುಗಿಯೊಬ್ಬಳು ಎದ್ದು ನಿಂತು ಹೇಳಿದಳು. ಮತ್ತೆ ಓದಿದೆವು. ಅವಳು ಹೇಳಿದ್ದೇ ಸರಿ. ನಾಲ್ಕನೇ ಸಾಲಿನಲ್ಲಿತ್ತು.