ಚಾಕ್‌ಪೀಸಿಗೆ ಆಮ್ಲ ಹಾಕಿದರೆ ನೊರೆ ಬರಲೇಬೇಕೆ?

ಸುಣ್ಣದಕಲ್ಲು, ಅಮೃತಶಿಲೆ, ಚಾಕ್ ಮೂರೂ ಕ್ಯಾಲ್ಸಿಯಂ ಕಾರ್ಬೊನೇಟಿನ ರೂಪಗಳು ಎಂದು ಹತ್ತನೇ ತರಗತಿಯ ವಿಜ್ಞಾನ ಪಾಠದಲ್ಲಿ ಓದುತ್ತೇವೆ. ಕಾರ್ಬೊನೇಟಿಗೆ ಆಮ್ಲ ಸೇರಿದರೆ ಇಂಗಾಲದ ಡೈಆಕ್ಸೈಡ್ ಹೊರಬಂದು ನೊರೆಯೇಳುತ್ತದೆ ಎಂಬುದೂ ಅಲ್ಲೇ ಬರುತ್ತದೆ. ಇದನ್ನು ನಂಬಿ ಕೈಗೆ ಸಿಕ್ಕ ಚಾಕ್‌ಪೀಸಿನ ಮೇಲೆ ಸಾರರಿಕ್ತ ಹೈಡ್ರೋಕ್ಲೋರಿಕ್ ಆಮ್ಲ ಹಾಕಿದರೆ ಎಷ್ಟೋ ಸಲ ನೊರೆಯ ಸುಳಿವೇ ಇರುವುದಿಲ್ಲ. ಆಗ ಆಮ್ಲ ಹಳೆಯದಾಗಿದೆ ಎಂದು ಬಾಟಲಿಯನ್ನು ದೂರುವುದುಂಟು. ‘ನೊರೆ ಬಂತು’ ಎಂದೇ ಮಕ್ಕಳಿಂದ ನೋಟ್‌ಬುಕ್‌ನಲ್ಲಿ ಬರೆಸುವುದು ಇನ್ನೂ ಕೆಟ್ಟದ್ದು. ನಿಜಕ್ಕೂ ಇಲ್ಲಿ ದಾರಿ ತಪ್ಪಿಸುವುದು ಹೆಸರು.

ಪಾಠ ಹೇಳುವ ಚಾಕ್ ಒಂದು ಬಗೆಯ ಮೆದು ಬಿಳಿ ಕಲ್ಲು. ಸಮುದ್ರದ ಸೂಕ್ಷ್ಮ ಪಾಚಿಗಳ ಸುಣ್ಣದ ಕವಚಗಳು ಕೋಟ್ಯಂತರ ವರ್ಷಗಳ ಹಿಂದೆ ತಳದಲ್ಲಿ ಕೂಡಿ ಆದದ್ದು. ಇಂಗ್ಲೆಂಡಿನ ಡೋವರ್ ಕರಾವಳಿಯ ಬಿಳಿ ಬಂಡೆಗಳು ಇದರವೇ. ಕಪ್ಪುಹಲಗೆಯ ಚಾಕ್‌ಪೀಸನ್ನಾದರೋ ಹೆಚ್ಚಾಗಿ ಪ್ಲಾಸ್ಟರ್ ಆಫ್ ಪ್ಯಾರಿಸ್‌ಗೆ ನೀರು ಕಲಸಿ ಅಚ್ಚಿಗೆ ಹೊಯ್ದು ಮಾಡುತ್ತಾರೆ. ಗಟ್ಟಿಯಾದ ಮೇಲೆ ಅದು ಜಿಪ್ಸಮ್, ಅಂದರೆ ನೀರಿನಂಶವುಳ್ಳ ಕ್ಯಾಲ್ಸಿಯಂ ಸಲ್ಫೇಟ್. ಕಾರ್ಬೊನೇಟೇ ಇಲ್ಲದ ಮೇಲೆ ಅನಿಲ ಎಲ್ಲಿಂದ ಬರಬೇಕು? (ಕೆಲವು ‘ಧೂಳುರಹಿತ’ ಚಾಕ್‌ಗಳಲ್ಲಿ ಕಾರ್ಬೊನೇಟ್ ಇರುತ್ತದೆ. ಅವು ನೊರೆ ಕೊಡುತ್ತವೆ.)

ಇನ್ನೊಂದು ಮೋಸವೂ ಉಂಟು. ಒಣ ಚಾಕ್‌ಪೀಸನ್ನು ಬರೀ ನೀರಿಗೆ ಹಾಕಿದರೂ ಅದರ ಸಣ್ಣ ರಂಧ್ರಗಳಲ್ಲಿದ್ದ ಗಾಳಿ ಗುಳ್ಳೆಯಾಗಿ ಬರುತ್ತದೆ. ಆದ್ದರಿಂದ ಒಂದು ತುಂಡು ನೀರಿಗೆ, ಇನ್ನೊಂದು ಆಮ್ಲಕ್ಕೆ ಹಾಕಿ ಹೋಲಿಸಿ ನೋಡಬೇಕು.

ಖಚಿತವಾಗಿ ನೊರೆ ಬೇಕಿದ್ದರೆ ಮೊಟ್ಟೆಯ ಚಿಪ್ಪು ಸಾಕು. ಅದರ ಬಹುಪಾಲು ಕ್ಯಾಲ್ಸಿಯಂ ಕಾರ್ಬೊನೇಟ್. ವಿನೆಗರ್‌ನಲ್ಲೂ ಗುಳ್ಳೆ ಏಳುತ್ತದೆ, ನಿಧಾನವಾಗಿ. ಎಲೆ-ಅಡಿಕೆಯ ಸುಣ್ಣವನ್ನು ನೀರಿನಲ್ಲಿ ಕದಡಿ, ತಳ ಕೂರಲು ಬಿಟ್ಟು, ಮೇಲಿನ ತಿಳಿಯನ್ನು ಬಸಿದುಕೊಳ್ಳಿ. ಬಂದ ಅನಿಲವನ್ನು ಕೊಳವೆಯಿಂದ ಇದಕ್ಕೆ ಹಾಯಿಸಿದರೆ ತಿಳಿ ಹಾಲಿನಂತಾಗುತ್ತದೆ. ಬೇಗ ಬೇಕೆಂದರೆ ಅಡುಗೆ ಸೋಡಾ, ವಿನೆಗರ್ ಬಳಸಿ. ಅನಿಲ ಹಾಯಿಸುತ್ತಲೇ ಹೋದರೆ ಬಿಳುಪು ಮಾಯವಾಗಿ ಮತ್ತೆ ತಿಳಿಯಾದೀತು. ಕಾರ್ಬೊನೇಟ್ ಕರಗುವ ಬೈಕಾರ್ಬೊನೇಟ್ ಆಗಿದೆಯಷ್ಟೇ. ಅನಿಲ ಹೊರಹೋಗುವ ಕೊಳವೆಯಿಲ್ಲದೆ ಬಾಟಲಿಗೆ ಬಿರಡೆ ಬಿಗಿಯಲೇಬೇಡಿ. ಒತ್ತಡಕ್ಕೆ ಗಾಜು ಸಿಡಿಯಬಹುದು.

ಅಮೃತಶಿಲೆಯ ಚೂರಿಗೆ ಹೈಡ್ರೋಕ್ಲೋರಿಕ್ ಬದಲು ಸಾರರಿಕ್ತ ಸಲ್ಫ್ಯೂರಿಕ್ ಆಮ್ಲ ಹಾಕಿದರೆ ನೊರೆ ಶುರುವಾಗಿ ಬೇಗನೆ ತಣ್ಣಗಾಗುತ್ತದೆ. ನೀರಿನಲ್ಲಿ ಹೆಚ್ಚು ಕರಗದ ಕ್ಯಾಲ್ಸಿಯಂ ಸಲ್ಫೇಟ್ ಚೂರಿನ ಸುತ್ತ ಪದರ ಕಟ್ಟಿ, ಒಳಗಿನ ಕಲ್ಲಿಗೆ ಆಮ್ಲ ತಲುಪದಂತೆ ತಡೆಯುತ್ತದೆ. ಚಾಕ್‌ಪೀಸಿನಲ್ಲಿ ಇರುವುದೂ ಇದೇ ವಸ್ತು.